ಮುರಿದರೆ ಹರಿತ: ರಟ್ಟಿನ ಡಬ್ಬ ಮತ್ತು ಕಟ್ಟರ್ ಕಥೆ

(1/7)
ಪ್ರಾಜೆಕ್ಟ್ ಸೀಸನ್ ಶುರುವಾಗಿದೆ. ಕ್ಲಾಸಲ್ಲಿ ಅರ್ಧ ಜನ ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಡಬ್ಬ ಕೇಳಿ ತಂದು ಮಾಡೆಲ್ ಮಾಡ್ತಿದ್ದಾರೆ, ಇನ್ನರ್ಧ ಜನ ಬೆರಳಿಗೆ ಪಟ್ಟಿ ಸುತ್ತಿಕೊಂಡು ಓಡಾಡ್ತಿದ್ದಾರೆ. ಹಾಗಾಗಿ ಈ ವಾರ ರಾಜರೂ ಇಲ್ಲ, ಕೋಟೆಯೂ ಇಲ್ಲ. ಮೊದಲ ಫೋಟೋದಲ್ಲಿರೋ ಹಳದಿ ಕಟ್ಟರ್‌ನ ಇತಿಹಾಸ.

"ರಟ್ಟು ಕತ್ತರಿಸೋಕೆ ಸರಿಯಾದ ಚಾಕು ಯಾವುದು?" ಅನ್ನೋದು ಚಿಲ್ಲರೆ ಪ್ರಶ್ನೆ ಥರ ಕಾಣುತ್ತೆ. ಆದರೆ ರಟ್ಟಿನ ಡಬ್ಬದೊಳಗಿನ ಆ ಅಲೆಅಲೆ ಕಾಗದಕ್ಕೆ ಮೊದಲ ಪೇಟೆಂಟ್ ಸಿಕ್ಕಿದ್ದು 1856ರಲ್ಲಿ. ನಾವೆಲ್ಲ ಬಳಸೋ ಮುರಿಯುವ ಬ್ಲೇಡು ಹುಟ್ಟಿದ್ದು 1956ರಲ್ಲಿ. ನಡುವೆ ಸರಿಯಾಗಿ ನೂರು ವರ್ಷ! ಇದು ಬರೀ ಕಾಕತಾಳೀಯ, ಆದರೂ ಲೆಕ್ಕ ಹಾಕಿದಾಗ ಖುಷಿಯಾಯ್ತು.

ಮೊದಲು ಒಂದು ವಿಷಯ ಗೊತ್ತಿರಲಿ. ಅಡುಗೆಮನೆಯ ತರಕಾರಿ ಚಾಕು ತಂದು ನಾಲ್ಕು ಡಬ್ಬ ಕತ್ತರಿಸಿ ವಾಪಸ್ ಇಟ್ಟು ನೋಡಿ. ಸಂಜೆ ಟೊಮೆಟೊ ಹೆಚ್ಚೋಕೆ ಹೋದಾಗ ಅಮ್ಮನಿಗೆ ಗೊತ್ತಾಗೇ ಆಗುತ್ತೆ. ರಟ್ಟು ನೋಡೋಕೆ ಮೆತ್ತಗಿದ್ದರೂ ಬ್ಲೇಡನ್ನ ತಿಂದು ಹಾಕುತ್ತೆ. ಹಳೇ ಕಾಗದವನ್ನ ಅರೆದು ಮತ್ತೆ ಮಾಡಿದ ರಟ್ಟಿನಲ್ಲಿ ನಾರಿನ ಜೊತೆ ಜೇಡಿ, ಸುಣ್ಣದ ಪುಡಿ, ಸಣ್ಣ ಮರಳಿನ ಕಣ ಎಲ್ಲ ಸೇರಿರುತ್ತೆ. ಮರಳಿನ ಕಣ ಚಾಕುವಿನ ಉಕ್ಕಿಗಿಂತ ಗಟ್ಟಿ. ಅಂದ್ರೆ ಪ್ರತಿ ಸಲ ಎಳೆದಾಗಲೂ ಅಂಚನ್ನ ತೆಳುವಾದ ಉಪ್ಪುಕಾಗದದ ಮೇಲೆ ಉಜ್ಜಿದ ಹಾಗೆ. ಅದರ ಮೇಲೆ ಟೇಪಿನ ಅಂಟು ಬೇರೆ.

ಮೊಂಡ ಚಾಕು ಹರಿತ ಚಾಕುವಿಗಿಂತ ಅಪಾಯ. ಮೊಂಡಾದಷ್ಟೂ ಜೋರಾಗಿ ಒತ್ತುತ್ತೀವಿ, ಒತ್ತಿದಾಗ ಜಾರುತ್ತೆ, ಜಾರಿದ್ದು ಹೋಗಿ ಎಡಗೈ ಹೆಬ್ಬೆರಳಿಗೆ. ಪಟ್ಟಿ ಸುತ್ತಿಕೊಂಡವರನ್ನೇ ಕೇಳಿ.

(2/7)
ಈಗ ಡಬ್ಬದ ಕಥೆ.

1856ರಲ್ಲಿ ಇಂಗ್ಲೆಂಡಿನ ಹೀಲಿ ಮತ್ತು ಆಲೆನ್ ಅನ್ನೋ ಇಬ್ಬರು ಪೇಟೆಂಟ್ ತಗೊಂಡಿದ್ದು ಡಬ್ಬಕ್ಕಲ್ಲ, ಟೋಪಿಗೆ! ಆಗಿನ ದೊರೆಗಳು ಹಾಕ್ತಿದ್ದ ಎತ್ತರದ ಟೋಪಿಯ ಒಳಗೆ ಇಡೋಕೆ ಅಲೆಅಲೆಯಾದ ಕಾಗದ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನ ಬಾಟಲಿ ಮತ್ತು ದೀಪದ ಗಾಜಿಗೆ ಸುತ್ತೋಕೆ ಬಳಸಿದ. 1874ರಲ್ಲಿ ಆಲಿವರ್ ಲಾಂಗ್ ಅನ್ನೋನು ಆ ಅಲೆಗೆ ಸಪಾಟಾದ ಹಾಳೆ ಅಂಟಿಸಿದ. ಅಲೆ ಹಿಗ್ಗಿ ಚಪ್ಪಟೆಯಾಗೋದು ನಿಂತಿತು. ಇವತ್ತಿನ ರಟ್ಟಿನ ಹಾಳೆ ಅಂದ್ರೆ ಇದೇ.

ನನಗೆ ತುಂಬ ಇಷ್ಟವಾದ ತಿರುವು 1879ರದ್ದು. ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಗೇರ್ ಅನ್ನೋ ಸ್ಕಾಟ್ಲೆಂಡ್ ಮೂಲದ ಕಾಗದದ ಚೀಲದ ವ್ಯಾಪಾರಿ ಇದ್ದ. ಅವನ ಕಾರ್ಖಾನೆಯಲ್ಲಿ ಬೀಜದ ಚೀಲ ಅಚ್ಚಾಗ್ತಿದ್ದಾಗ, ಮಡಿಕೆ ಗೆರೆ ಮೂಡಿಸೋ ಲೋಹದ ಪಟ್ಟಿ ಸ್ವಲ್ಪ ಮೇಲೆದ್ದು ಚೀಲಗಳನ್ನೇ ಕತ್ತರಿಸಿಬಿಟ್ಟಿತು. ಬೇರೆ ಯಾರಾದ್ರೂ ಆಗಿದ್ದರೆ ಕೆಲಸದವನಿಗೆ ಬೈದು ಸುಮ್ಮನಾಗ್ತಿದ್ರು. ಗೇರ್ ಯೋಚಿಸಿದ್ದೇ ಬೇರೆ: ಒಂದೇ ಒತ್ತಿಗೆ ಒಂದು ಕಡೆ ಕತ್ತರಿಸಿ, ಇನ್ನೊಂದು ಕಡೆ ಮಡಿಕೆ ಹಾಕಬಹುದಲ್ವಾ? ಅಲ್ಲಿಂದ ಬಂತು ಮಡಚಿ ಚಪ್ಪಟೆಯಾಗಿ ಸಾಗಿಸೋ ಡಬ್ಬ. ಮೊದಲು ತೆಳು ರಟ್ಟಿನಲ್ಲಿ, ಆಮೇಲೆ ಅಲೆ ರಟ್ಟಿನಲ್ಲಿ. ಡಬ್ಬ ಹುಟ್ಟಿದ್ದೇ ಒಂದು ತಪ್ಪಿದ ಬ್ಲೇಡಿನಿಂದ ಅಂದ ಹಾಗಾಯ್ತು.

ಆದರೂ ಮರದ ಪೆಟ್ಟಿಗೆಗಳು ಸುಲಭಕ್ಕೆ ಜಾಗ ಬಿಡಲಿಲ್ಲ. ಅಮೆರಿಕದ ರೈಲ್ವೆಗಳು ರಟ್ಟಿನ ಡಬ್ಬದಲ್ಲಿ ಬಂದ ಸರಕಿಗೆ ಹೆಚ್ಚು ದರ ಹಾಕ್ತಿದ್ವು. ಅದರ ಮೇಲೆ ಪ್ರಿಡಮ್ ಅನ್ನೋ ಡಬ್ಬ ತಯಾರಕರ ಕಂಪನಿ ದೂರು ಕೊಟ್ಟು, 1914ರಲ್ಲಿ ಅಲ್ಲಿನ ಅಂತರರಾಜ್ಯ ವಾಣಿಜ್ಯ ಆಯೋಗದಲ್ಲಿ ಗೆದ್ದಿತು. ಆಮೇಲೆ ರಟ್ಟಿನದ್ದೇ ರಾಜ್ಯಭಾರ.

ಮರದ ಪೆಟ್ಟಿಗೆ ತೆರೆಯೋಕೆ ಸುತ್ತಿಗೆ, ಮೊಳೆ ಕೀಳೋ ಇಕ್ಕಳ, ಹಾರೆ ಬೇಕಿತ್ತು. ರಟ್ಟಿಗೆ ಅದ್ಯಾವುದೂ ಬೇಡ. ಆದರೆ ಅಂಗಡಿ, ಗೋದಾಮಿನಲ್ಲಿ ದಿನಕ್ಕೆ ನೂರಾರು ಡಬ್ಬ ತೆರೆಯೋ ಹುಡುಗನ ಕೈಗೆ ಚಾಕು ಬಂತು.

(3/7)
ಇಲ್ಲಿ ಎರಡು ದಾರಿ ಇತ್ತು: ಅಂಚು ಮೊಂಡಾದ್ರೆ ಮಸೆಯೋದು, ಇಲ್ಲಾಂದ್ರೆ ಎಸೆಯೋದು.

ನಮಗೆ ಗೊತ್ತಿರೋದು ಮಸೆಯೋ ದಾರಿ. ಈಳಿಗೆ, ಕುಡುಗೋಲು, ಮಚ್ಚು, ಚಪ್ಪಲಿ ಹೊಲಿಯೋರ ರಂಪಿಗೆ ಎಲ್ಲವೂ ಕಲ್ಲಿನ ಮೇಲೆ ಮಸೆದು ತಲೆಮಾರುಗಟ್ಟಲೆ ಬಾಳಿದವು. "ಚಾಕು ಸಾಣೆ, ಕತ್ತರಿ ಸಾಣೆ" ಅಂತ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಬರೋರನ್ನ ನೀವೂ ನೋಡಿರಬಹುದು. ಒಳ್ಳೇ ಪದ್ಧತಿ. ಆದರೆ ಗಂಟೆಗೊಂದು ಸಲ ಅಂಚು ಕಳೆದುಕೊಳ್ಳೋ ಕೆಲಸಕ್ಕೆ ಇದು ಆಗಲ್ಲ. ಗೋದಾಮಿನ ಹುಡುಗ ಎಷ್ಟು ಸಲ ಅಂತ ಕಲ್ಲು ಹುಡುಕಿಕೊಂಡು ಹೋಗ್ತಾನೆ?

ಎಸೆಯೋ ದಾರಿಯನ್ನ ಜಗತ್ತಿಗೆ ಕಲಿಸಿದ್ದು ಕಿಂಗ್ ಜಿಲೆಟ್. 1903ರಲ್ಲಿ ಅವನ ಕಂಪನಿ ಮಾರಿದ್ದು ಬರೀ 51 ರೇಜರ್, 168 ಬ್ಲೇಡು. ಮುಂದಿನ ವರ್ಷ ಅದು ಸಾವಿರಗಟ್ಟಲೆ ಆಯ್ತು. ಮುಖಕ್ಕೆ ಬಂದ ಬ್ಲೇಡು ಬೇಗ ಕೆಲಸದ ಮೇಜಿಗೂ ಬಂತು. ನಮ್ಮ ಕಡೆ ಸಲೂನಿನಲ್ಲಿ ಬ್ಲೇಡನ್ನ ಕಾಗದದ ಸಮೇತ ಕಟಕ್ ಅಂತ ಎರಡು ಮಾಡಿ, ಅರ್ಧವನ್ನ ಕತ್ತಿಗೆ ಸಿಕ್ಕಿಸೋದು ನೋಡಿದ್ದೀರಲ್ಲ? ದರ್ಜಿ ಅಂಗಡಿಯಲ್ಲಿ ಹೊಲಿಗೆ ಬಿಚ್ಚೋದೂ ಅರ್ಧ ಬ್ಲೇಡೇ. ನಮ್ಮ ಅಪ್ಪ-ಅಮ್ಮಂದಿರು ಪೆನ್ಸಿಲ್ ಕೆತ್ತಿದ್ದೂ ಅದರಲ್ಲೇ.

ತೊಂದರೆ ಏನಪ್ಪಾ ಅಂದ್ರೆ, ರಟ್ಟಿಗೆ ಈ ಬ್ಲೇಡು ತೀರಾ ತೆಳು. ಬಾಗುತ್ತೆ, ಹಿಡಿಯೋಕೆ ಜಾಗ ಇಲ್ಲ. ಅಮೆರಿಕದ ಸ್ಟ್ಯಾನ್ಲಿ ಕಂಪನಿ 1936ರಲ್ಲಿ 199 ಅನ್ನೋ ನಂಬರಿನ ಚಾಕು ತಂದಿತು. ಗಟ್ಟಿ ಹಿಡಿ, ಒಳಗೆ ಬದಲಾಯಿಸಬಹುದಾದ ದಪ್ಪ ಬ್ಲೇಡು. ಈ ಥರದ ಚಾಕುವಿನಲ್ಲಿ ಬ್ಲೇಡಿನ ಒಂದು ತುದಿ ಮೊಂಡಾದ್ರೆ ತಿರುಗಿಸಿ ಇನ್ನೊಂದು ತುದಿ ಬಳಸಬಹುದು. ಬ್ರಿಟನ್ನಿನಲ್ಲಿ ಇವತ್ತಿಗೂ ಇಂಥ ಎಲ್ಲ ಚಾಕುವಿಗೂ "ಸ್ಟ್ಯಾನ್ಲಿ ನೈಫ್" ಅಂತಲೇ ಹೆಸರು. ಆದರೂ ಎರಡೇ ತುದಿ. ಆಮೇಲೆ ಬಿಚ್ಚಬೇಕು, ಹೊಸದು ಹುಡುಕಬೇಕು, ಹಾಕಬೇಕು. ಅಷ್ಟರಲ್ಲಿ ಮನುಷ್ಯ ಏನು ಮಾಡ್ತಾನೆ? ಮೊಂಡದ್ದರಲ್ಲೇ ಒತ್ತುತ್ತಾನೆ.

(4/7)
ಈಗ ಜಪಾನಿನ ಒಸಾಕಾ.

ಯೊಶಿಯೊ ಒಕಾಡ ಹುಟ್ಟಿದ್ದು 1931ರಲ್ಲಿ. ಯುದ್ಧ ಮುಗಿದ ಮೇಲಿನ ಕಷ್ಟದ ವರ್ಷಗಳಲ್ಲಿ ಬೆಳೆದು, ಒಂದು ಮುದ್ರಣ ಕಂಪನಿಯಲ್ಲಿ ಕೆಲಸಕ್ಕಿದ್ದರು. ದಿನವಿಡೀ ಕಾಗದ ಕತ್ತರಿಸೋದು. ಆಗ ಅಲ್ಲಿ ಬಳಸ್ತಿದ್ದಿದ್ದು ಕ್ಷೌರದ ಬ್ಲೇಡು. ಬ್ಲೇಡಿನ ಮೂಲೆ ಮಾತ್ರ ಕೆಲಸ ಮಾಡುತ್ತೆ. ಮೂಲೆ ಹೋದ್ರೆ ಇಡೀ ಬ್ಲೇಡು ಕಸಕ್ಕೆ, ನಡುವಿನ ಉದ್ದನೆಯ ಅಂಚು ಹೊಸದಾಗಿಯೇ ಇರುತ್ತೆ. ಬಡತನದ ಕಾಲದಲ್ಲಿ ಇದು ಕಣ್ಣಿಗೆ ಚುಚ್ಚದೇ ಇರುತ್ತಾ?

ಒಕಾಡ ಅವರಿಗೆ ಎರಡು ವಸ್ತು ನೆನಪಾದವು. ಒಂದು, ಚಪ್ಪಲಿ ಹೊಲಿಯೋರ ಗಾಜಿನ ಚೂರು. ಅವರು ಬೂಟಿನ ಅಟ್ಟೆಯನ್ನ ಒಡೆದ ಗಾಜಿನಿಂದ ಹೆರೆಯುತ್ತಿದ್ದರು. ಗಾಜಿನ ಅಂಚು ಮೊಂಡಾದ್ರೆ ಮಸೆಯೋದಿಲ್ಲ, ಇನ್ನೊಂದು ಸಲ ಒಡೆಯೋದು. ಒಡೆದ ಕಡೆ ಹೊಸ ಅಂಚು ಬಂದಿರುತ್ತೆ. ಎರಡು, ಯುದ್ಧ ಮುಗಿದ ಮೇಲೆ ಅಮೆರಿಕನ್ ಸೈನಿಕರು ಹಂಚುತ್ತಿದ್ದ ಚಾಕೊಲೇಟ್. ಗೆರೆ ಹಾಕಿದ ಪಟ್ಟಿ, ಗೆರೆಯಲ್ಲಿ ಮುರಿದ್ರೆ ಸಮನಾದ ತುಂಡು.

ಗಾಜು ಮತ್ತು ಚಾಕೊಲೇಟ್ ಸೇರಿಸಿ ನೋಡಿ. ಉದ್ದನೆಯ ಬ್ಲೇಡು, ಅದರ ಮೈಮೇಲೆ ಓರೆ ಗೆರೆಗಳು. ತುದಿ ಮೊಂಡಾದ್ರೆ ಗೆರೆಯಲ್ಲಿ ಮುರಿ. ಹಿಂದಿನ ತುಂಡಿನ ಮೂಲೆ ಹೊಸ ತುದಿಯಾಗಿ ಮುಂದೆ ಬರುತ್ತೆ. 1956ರಲ್ಲಿ ಇದು ತಯಾರಾಯ್ತು.

ಜಗತ್ತಿನ ಕಮ್ಮಾರರೆಲ್ಲ ಮುರಿಯದ ಚಾಕು ಮಾಡೋಕೆ ಸಾವಿರಾರು ವರ್ಷ ಒದ್ದಾಡಿದರು. ಈ ಮನುಷ್ಯ ಮುರಿಯಲಿ ಅಂತಲೇ ಚಾಕು ಮಾಡಿದರು!

(5/7)
ಐಡಿಯಾ ಹೇಳೋದು ಸುಲಭ, ಮಾಡೋದು ಕಷ್ಟ. ಗೆರೆ ತೀರಾ ಆಳವಾದ್ರೆ ರಟ್ಟಿನ ನಡುವೆಯೇ ಬ್ಲೇಡು ಮುರಿದು ಮುಖಕ್ಕೆ ಹಾರುತ್ತೆ. ಆಳ ಸಾಲದಿದ್ದರೆ ಬೇಕಾದಾಗ ಮುರಿಯೋದೇ ಇಲ್ಲ. ಉಕ್ಕು ಅಂಚು ಹಿಡಿಯುವಷ್ಟು ಗಟ್ಟಿ ಇರಬೇಕು, ಕಟಕ್ ಅನ್ನುವಷ್ಟು ಪೆಡಸೂ ಇರಬೇಕು. ಈ ಎರಡರ ನಡುವೆ ಕೂದಲೆಳೆಯಷ್ಟು ಜಾಗ.

1967ರಲ್ಲಿ ಒಕಾಡ ತಮ್ಮಂದಿರ ಜೊತೆ ಸೇರಿ ಸ್ವಂತ ಕಂಪನಿ ಕಟ್ಟಿದರು. ಬ್ರ್ಯಾಂಡಿನ ಹೆಸರು ಓಲ್ಫಾ. ಜಪಾನಿ ಭಾಷೆಯಲ್ಲಿ "ಓರು" ಅಂದ್ರೆ ಮುರಿ, "ಹಾ" ಅಂದ್ರೆ ಅಲಗು. ಆದರೆ ಕೆಲವು ಭಾಷೆಗಳಲ್ಲಿ "ಹ" ಉಚ್ಚಾರವೇ ಬಿದ್ದುಹೋಗುತ್ತೆ. (ಮಂಡ್ಯದ ಗೆಳೆಯರೇ, "ಆಲು ಅಣ್ಣು" ಅಂತ ನಗಬೇಡಿ.) ಹಾಗಾಗಿ ಹಾ ಹೋಗಿ ಫಾ ಬಂತು. ಹಳದಿ ಬಣ್ಣ ಯಾಕೆ ಅಂದ್ರೆ, ಸಾಮಾನಿನ ಪೆಟ್ಟಿಗೆಯಲ್ಲಿ ಚಾಕು ಥಟ್ಟನೆ ಕಣ್ಣಿಗೆ ಬೀಳಲಿ, ಕೈ ಹಾಕಿ ತಡಕಾಡೋದು ಬೇಡ ಅಂತ.

ಅಳತೆಯೂ ಅಲ್ಲಿಂದಲೇ ಬಂದದ್ದು. 9 ಮಿ.ಮೀ. ಅಗಲದ ಸಣ್ಣ ಬ್ಲೇಡು, 18 ಮಿ.ಮೀ. ಅಗಲದ ದೊಡ್ಡ ಬ್ಲೇಡು, ಗೆರೆಯ ಓರೆ ಸುಮಾರು 59 ಡಿಗ್ರಿ. ಉಳಿದ ತಯಾರಕರೂ ಇದೇ ಅಳತೆಗೆ ಬಂದರು. ಅದಕ್ಕೇ ನೀವು ಅವೆನ್ಯೂ ರಸ್ತೆಯಲ್ಲಿ ತಗೊಂಡ, ಹೆಸರೇ ಇಲ್ಲದ ಕಟ್ಟರ್‌ಗೂ ಬೇರೆ ಕಂಪನಿಯ ಬ್ಲೇಡು ಕೂರೋದು. ಫೋನ್ ಚಾರ್ಜರ್‌ನವರು ಇದನ್ನ ಕಲಿಯೋಕೆ ಎಷ್ಟು ವರ್ಷ ತಗೊಂಡರು ನೋಡಿ!

(6/7)
ಹಾಗಾದ್ರೆ ಯಾವ ಚಾಕು? ನನ್ನ ಅಭಿಪ್ರಾಯ ಹೇಳ್ತೀನಿ, ಜಗಳಕ್ಕೆ ಬರಬಹುದು.

ಡ್ರಾಯಿಂಗ್ ಶೀಟು, ತೆಳು ರಟ್ಟು, ಮಾಡೆಲಿನ ಕಿಟಕಿ-ಬಾಗಿಲಿಗೆ 9 ಮಿ.ಮೀ. ಸಾಕು. ಅದರ ಬ್ಲೇಡಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಕಮ್ಮಿ, ದಪ್ಪ ಡಬ್ಬಕ್ಕೆ ಹಾಕಿದ್ರೆ ಬಳುಕುತ್ತೆ. ಡಬ್ಬ ಕತ್ತರಿಸೋಕೆ 18 ಮಿ.ಮೀ.ನದ್ದೇ ಬೇಕು. ಫ್ರಿಜ್ಜು, ಟಿವಿ ಬಂದ ಐದು ಪದರದ ಡಬ್ಬಕ್ಕಂತೂ ಬೇರೆ ಮಾತೇ ಇಲ್ಲ. ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು ಬೀಗ ನೋಡಿ. ಬ್ಲೇಡನ್ನ ಹೊರಗೆ ತೆಗೆದು, ತುದಿಯನ್ನ ಮರದ ಮೇಲೆ ಮೆಲ್ಲಗೆ ಒತ್ತಿ. ಒಳಗೆ ಜಾರಿದ್ರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಬ್ಲೇಡು ಎರಡೂ ಬದಿಗೆ ಅಲುಗಾಡ್ತಿದ್ರೂ ಅಷ್ಟೇ.

ಟೇಪು ಕುಯ್ಯೋಕೆ ಅರ್ಧ ತುಂಡು ಹೊರಗಿದ್ದರೆ ಸಾಕು, ಒಳಗಿನ ಸಾಮಾನೂ ಉಳಿಯುತ್ತೆ. ಡಬ್ಬ ತುಂಡು ಮಾಡೋಕೆ ಒಂದೂವರೆ ತುಂಡು. ಇಡೀ ಬ್ಲೇಡನ್ನ ಹೊರಗೆ ಎಳೆದು ಕತ್ತಿವರಸೆ ಮಾಡೋರನ್ನ ನೋಡಿದ್ರೆ ನನಗೆ ಭಯ. ಇನ್ನೊಂದು: ರಟ್ಟಿನೊಳಗಿನ ಅಲೆ ಯಾವ ಕಡೆ ಓಡ್ತಿದೆ ನೋಡಿ. ಅದರ ಉದ್ದಕ್ಕೆ ಕುಯ್ದ್ರೆ ಬೆಣ್ಣೆ, ಅಡ್ಡ ಕುಯ್ದ್ರೆ ಪೇಚಾಟ. ಅಡ್ಡ ಕುಯ್ಯುವಾಗ ಒಂದೇ ಎಳೆತಕ್ಕೆ ಮುಗಿಸೋ ಹಟ ಬೇಡ, ಎರಡು-ಮೂರು ಸಲ ಹಗುರವಾಗಿ ಎಳೀರಿ. ಎಡಗೈ ಯಾವಾಗಲೂ ಬ್ಲೇಡಿನ ಹಿಂದೆ ಇರಲಿ.

ಕಾಲೇಜ್ ಫೆಸ್ಟಿಗೆ ವಿಮಾನದಲ್ಲಿ ಹೋಗೋರು ಇದನ್ನ ಕೈಚೀಲದಲ್ಲಿ ಇಡಬೇಡಿ. 2001ರ ಸೆಪ್ಟೆಂಬರ್ 11ಕ್ಕಿಂತ ಮೊದಲು ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಅಲಗನ್ನ ವಿಮಾನದೊಳಗೆ ಬಿಡ್ತಿದ್ರು. ಆ ದಿನದ ನಂತರ ಆ ರಿಯಾಯಿತಿ ಹೋಯ್ತು.

(7/7)
ಕೊನೆಯ ಫೋಟೋ ಝೂಮ್ ಮಾಡಿ ನೋಡಿ. ಉಗುರಿನಷ್ಟು ಅಗಲದ ಉಕ್ಕಿನ ತುಂಡು.

ಒಂದು ಬ್ಲೇಡಿನಿಂದ ಇಂಥ ಏಳೆಂಟು ತುಂಡು ಬರುತ್ತೆ. ಮೊಂಡಾಯ್ತು ಅಂತ ಎಸೆದರೂ ರಟ್ಟಿಗೆ ಮಾತ್ರ ಮೊಂಡು, ಚರ್ಮಕ್ಕೆ ಅಲ್ಲ. ಇದು ಎಲ್ಲಿಗೆ ಹೋಗುತ್ತೆ? ಕಸದ ಬುಟ್ಟಿ, ಅಲ್ಲಿಂದ ಆಟೋ, ಅಲ್ಲಿಂದ ಒಣ ಕಸ ಸಂಗ್ರಹ ಕೇಂದ್ರ. ಅಲ್ಲಿ ಪ್ಲಾಸ್ಟಿಕ್ ಬೇರೆ, ಕಾಗದ ಬೇರೆ ಅಂತ ವಿಂಗಡಿಸೋದು ಮಷೀನಲ್ಲ, ಮನುಷ್ಯರ ಕೈ. ಬಹಳಷ್ಟು ಸಲ ಆ ಕೈಯಲ್ಲಿ ಗ್ಲೌಸ್ ಇರಲ್ಲ, ಇದ್ದರೂ ತೆಳು ರಬ್ಬರಿನದ್ದು. ನಿಮ್ಮ ಬೆರಳು ಕುಯ್ದ್ರೆ ಮನೇಲಿ ಡೆಟಾಲ್ ಇರುತ್ತೆ. ಅವರಿಗೆ ಕಸದ ಗಲೀಜಿನ ಜೊತೆಗೇ ಗಾಯ. ಒಕಾಡ ಅವರ ಚಾಕು ನಮ್ಮ ಬೆರಳಿನ ಅಪಾಯ ಕಮ್ಮಿ ಮಾಡ್ತು, ಉಳಿದ ಅಪಾಯವನ್ನ ನಾವು ಅವರ ಬೆರಳಿಗೆ ದಾಟಿಸ್ತಿದ್ದೀವಿ.

ಹಿಂದೆಯೂ ಹೀಗೇ ಆಗಿತ್ತು. 20ನೇ ಶತಮಾನದ ಅಮೆರಿಕನ್ ಮನೆಗಳ ಬಚ್ಚಲಲ್ಲಿ, ಔಷಧಿ ಕಪಾಟಿನ ಹಿಂಬದಿಗೆ ಒಂದು ಸಣ್ಣ ಸೀಳು ಇರ್ತಿತ್ತು. ಕ್ಷೌರ ಮುಗಿದ ಮೇಲೆ ಹಳೇ ಬ್ಲೇಡನ್ನ ಅದರೊಳಗೆ ಹಾಕೋದು. ಅದು ಎಲ್ಲಿಗೆ ಹೋಗ್ತಿತ್ತು ಗೊತ್ತಾ? ಎಲ್ಲಿಗೂ ಇಲ್ಲ. ಗೋಡೆಯೊಳಗೆ ಬೀಳ್ತಿತ್ತು, ಅಷ್ಟೇ. ಇವತ್ತು ಆ ಮನೆಗಳನ್ನ ರಿಪೇರಿ ಮಾಡೋರು ಗೋಡೆ ಒಡೆದಾಗ ತುಕ್ಕು ಹಿಡಿದ ಬ್ಲೇಡುಗಳ ರಾಶಿ ಸುರಿಯುತ್ತೆ.

ನಮ್ಮ ಕ್ಲಾಸಿಗೆ ಒಂದು ವ್ಯವಸ್ಥೆ ಮಾಡಿದ್ದೀನಿ. ಹಳೇ ತಗಡಿನ ಪೌಡರ್ ಡಬ್ಬಿ, ಮುಚ್ಚಳದಲ್ಲಿ ಒಂದು ಸೀಳು, ಮೇಲೆ ಕೆಂಪು ಅಕ್ಷರದಲ್ಲಿ "ಬ್ಲೇಡು". ಹಿಂದಿನ ಬೆಂಚಿನ ಕಿಟಕಿ ಹತ್ತಿರ ಇದೆ. ತುಂಡು ಮುರಿಯುವಾಗ ಇಕ್ಕಳದಲ್ಲಿ ಹಿಡಿದು, ಗೆರೆ ಇರೋ ಬದಿಯನ್ನ ಮೇಲೆ ಮಾಡಿ, ಮುಖದಿಂದ ದೂರ ಬಗ್ಗಿಸಿ ಮುರೀರಿ. ಇಕ್ಕಳ ಇಲ್ಲದಿದ್ದರೆ ಕಟ್ಟರ್‌ನ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಿ. ಕೆಲವದರಲ್ಲಿ ಬ್ಲೇಡು ತೂರಿಸಿ ಮುರಿಯೋಕೆ ಅಂತಲೇ ಒಂದು ಸೀಳು ಇರುತ್ತೆ. ಡಬ್ಬಿ ತುಂಬಿದ ಮೇಲೆ ಸೀಳಿಗೆ ಟೇಪು ಸುತ್ತಿ, ಗುಜರಿ ಅಂಗಡಿಯವರಿಗೆ ಒಳಗೆ ಏನಿದೆ ಅಂತ ಬಾಯಲ್ಲೇ ಹೇಳಿ ಕೊಡೋಣ.

ಮುಂದಿನ ಭಾನುವಾರ ಡಬ್ಬದ ಮೇಲಿನ ಟೇಪಿನ ಕಥೆ. 1925, ಕಾರಿಗೆ ಎರಡು ಬಣ್ಣ ಹೊಡೆಯೋರ ತಾಪತ್ರಯ, ರಿಚರ್ಡ್ ಡ್ರೂ ಅನ್ನೋ ಹುಡುಗ.

#ಸಾಮಾನಿನ_ಇತಿಹಾಸ #ಕಟ್ಟರ್_ಕಥೆ #ರಟ್ಟಿನ_ಡಬ್ಬ