ತಾತನ ರೇಡಿಯೋ ಮತ್ತು ಗಣಿಯ ನೀರು

ಮೊನ್ನೆ ಊರಿಗಾಂಗೆ ಹೋದಾಗ ಅಟ್ಟದಿಂದ ತಾತನ ವಾಲ್ವ್ ರೇಡಿಯೋ ಇಳಿಸಿದೆ. ಹಿಂಬದಿಯ ರಟ್ಟು ಬಿಚ್ಚಿದರೆ ಒಳಗೆ ಇಲಿಗೂಡು! ವೈರುಗಳ ಹೊದಿಕೆ ಕಡಿದು ಹಾಕಿದೆ, ತಾಮ್ರಕ್ಕೆಲ್ಲ ಹಸಿರು ಕಿಲುಬು. ದಿನಾ ಹಾಡುತ್ತಿದ್ದಾಗ ವಾಲ್ವಿನ ಶಾಖಕ್ಕೇ ತೇವ ಆರುತ್ತಿತ್ತು. ಹಾಳಾಗಿದ್ದು ಜೋಪಾನವಾಗಿ ಎತ್ತಿಟ್ಟ ಮೇಲೆ...

ಆಗ ಪಕ್ಕದ ಚಾಂಪಿಯನ್ ರೀಫ್ ಗಣಿ ನೆನಪಾಯಿತು. 1965ರಲ್ಲಿ ಅಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾಲಯದವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಸಿಂಟಿಲೇಟರು, ನಿಯಾನ್ ಕೊಳವೆ, ಹೆಚ್ಚು ವೋಲ್ಟೇಜಿನ ಸಲಕರಣೆಗಳು. ತೇವ ತಗುಲಿದರೆ ಕರೆಂಟು ಸೋರಿ ಸುಳ್ಳು ಸಂಕೇತ ಬರುತ್ತೆ. ಆದರೂ ಆ ಆಳದಲ್ಲಿ ಅವು ಕೆಲಸ ಮಾಡಿದವು; ಮೇಲೆ ಪಂಪುಗಳು ನೀರೆತ್ತುತ್ತಿದ್ದವು, ಕೆಳಗೆ ನೋಡಿಕೊಳ್ಳುವ ಜನ ಇದ್ದರು. 1980ರಲ್ಲಿ ಪ್ರೋಟಾನ್ ಕ್ಷಯ ಹುಡುಕುವ ಪ್ರಯೋಗವೂ ಇದೇ ಕೆ.ಜಿ.ಎಫ್.ನಲ್ಲಿ ಶುರುವಾಯಿತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತಿತು, ಸುರಂಗಕ್ಕೆ ನೀರು ತುಂಬಿತು. ನಮ್ಮ ರೇಡಿಯೋ ಕಥೆಯೂ ಅದೇ ತಾನೆ?

ಗಣಿಯ ನೀರು ನನ್ನ ಕೈಲಿ ಆಗದ್ದು. ರೇಡಿಯೋ ಮಾತ್ರ ಉಳಿಸಬಹುದು. ಮೂಗಿಗೆ ಬಟ್ಟೆ ಕಟ್ಟಿ ಗೂಡು ತೆಗೆದೆ, ಸ್ಪಿರಿಟ್‌ನಲ್ಲಿ ಒರೆಸಿದೆ. ಮುಚ್ಚಳ ಬಿಗಿಯಾಗುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇನೆ. ನುಸಿಗುಳಿಗೆ ಹಾಕಲಿಲ್ಲ, ಅದು ಕೆಲವು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತೆ. ಪ್ಲಗ್ಗಿಗೂ ಹಾಕಿಲ್ಲ, ಹಳೇ ಕೆಪಾಸಿಟರ್ ಸಿಡಿದೀತು. ಬಲ್ಲವರ ಕೈಲಿ ವೈರು ಬದಲಾಯಿಸಿದ ಮೇಲೆಯೇ ಸ್ವಿಚ್ಚು.

ನಿಮ್ಮ ಅಟ್ಟದ ಮೇಲೇನಿದೆ? ಈ ಭಾನುವಾರ ಒಮ್ಮೆ ಹತ್ತಿ ನೋಡಿ.