ಬಟಾಟಿ ಬಂದ ದಾರಿ

ನಮ್ಮ ಭಂಡಾರಕವಠೆಯ ದಂಡೆಯಲ್ಲಿ ನಿಂತರೆ ಭೀಮಾ ಹೊಳೆಯ ಆಚೆ ಕರ್ನಾಟಕ. ಹೊಳೆ ದಾಟಿದರೆ ಬಸ್ಸಿನ ಬೋರ್ಡು ಬೇರೆ, ಶಾಲೆಯ ಪಾಠಪುಸ್ತಕ ಬೇರೆ. ಬಟಾಟಿಯ ಹೆಸರು ಮಾತ್ರ ಬದಲಾಗುವುದಿಲ್ಲ. ಮರಾಠಿಯಲ್ಲಿ ಬಟಾಟಾ, ನಮ್ಮ ಮನೆಮಾತಿನಲ್ಲಿ ಬಟಾಟಿ. ಕನ್ನಡ ಪುಸ್ತಕದಲ್ಲಿ ಆಲೂಗಡ್ಡೆ ಎಂದಿರುತ್ತದೆ, ಕೋಲಾರದ ಕಡೆಯವರು ಉರುಳಗಡ್ಡೆ ಅನ್ನುತ್ತಾರೆ. ಬಟಾಟಾ ಎಂಬುದು ಮರಾಠಿಯೂ ಅಲ್ಲ, ಕನ್ನಡವೂ ಅಲ್ಲ, ಪೋರ್ತುಗೀಜರು ತಂದ ಶಬ್ದ. ಅವರಿಗೂ ಅದು ಸ್ವಂತದ್ದಲ್ಲ. ವೆಸ್ಟ್ ಇಂಡೀಸ್ ದ್ವೀಪಗಳ ಮೂಲನಿವಾಸಿಗಳು ಗೆಣಸಿಗೆ ಹೇಳುತ್ತಿದ್ದ ಹೆಸರು ಅದು. ಆಲೂ ಎಂಬುದರ ಕಥೆಯೂ ಹೀಗೆಯೇ. ಬಟಾಟಿ ಈ ದೇಶಕ್ಕೆ ಬರುವ ಮೊದಲೇ ಸಂಸ್ಕೃತದಲ್ಲಿ ಬೇರೆ ಗಡ್ಡೆಗಳಿಗೆ ಆಲುಕ ಎಂಬ ಮಾತಿತ್ತು.

ನಾನು ಕೃಷಿ ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಒಂದು ಶಿವರಾತ್ರಿಗೆ ತಂದ ಬಟಾಟಿ ಬುಟ್ಟಿಯಲ್ಲಿ ಉಳಿದು ಮೊಳಕೆ ಒಡೆದವು. ನಮ್ಮ ಅವ್ವ, “ಇವನ್ನ ಹಿತ್ತಲದಾಗ ಹೂಳೋ. ಬರೋ ಶಿವರಾತ್ರಿಗೆ ನಮ್ಮ ಮನೀ ಬಟಾಟಿ ತಿಂತೀನಿ” ಅಂದಳು. ಹೂಳಿದೆ. ಯುಗಾದಿ ಹೊತ್ತಿಗೆ ಗಿಡ ಹಸಿರಾಗಿ ಎದ್ದಿತು, ನಾನೂ ಹಿಗ್ಗಿದೆ. ಮೇ ತಿಂಗಳಲ್ಲಿ ಅಗೆದರೆ ಬರೀ ಬೇರು, ಗೋಲಿಯಷ್ಟು ಎರಡು ಗಡ್ಡೆ. ಹೊಳೆದಂಡೆಯಲ್ಲಿ ಕಾಯಿಪಲ್ಲೆ ಬೆಳೆಯುವ ನೆರೆಮನೆಯ ಅಜ್ಜಿ ನೋಡಿ ನಕ್ಕಳು. “ತಮ್ಮಾ, ಬಟಾಟಿ ಚಳಿಗಾಲದ ಪೀಕು. ಬ್ಯಾಸಗಿಯೊಳಗ ಹಚ್ಚಿದ್ರ ತಪ್ಪಲಾ ಬರತದ, ಗಡ್ಡಿ ಬರೂದಿಲ್ಲ.”

ಅಜ್ಜಿಯ ಮಾತಿಗೆ ಕಾರಣ ಹುಡುಕುತ್ತ ಹೋದಾಗ ನನಗೆ ಈ ಇತಿಹಾಸ ಸಿಕ್ಕಿತು. ಬಟಾಟಿಯ ತವರು ದಕ್ಷಿಣ ಅಮೇರಿಕಾದ ಆಂಡೀಸ್ ಪರ್ವತ, ಈಗಿನ ಪೆರು ಮತ್ತು ಬೊಲಿವಿಯಾ. ಅಲ್ಲಿ 12 ಸಾವಿರ ಅಡಿ ಎತ್ತರದ ಟಿಟಿಕಾಕಾ ಸರೋವರದ ಸುತ್ತಲಿನ ಜನ ಏಳೆಂಟು ಸಾವಿರ ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ರಾತ್ರಿಯ ಹಿಮದಲ್ಲಿ ಬಟಾಟಿ ಹೆಪ್ಪುಗಟ್ಟಿಸಿ, ಹಗಲು ಕಾಲಿನಿಂದ ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸಿ ವರ್ಷಗಟ್ಟಲೆ ಇಡುತ್ತಿದ್ದರು. ಅದಕ್ಕೆ ಚುನ್ಯೊ ಎಂದು ಹೆಸರು. ನಮ್ಮ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಬಟಾಟಿ ಸಂಡಿಗೆ ಒಣಗಿಸುವುದು ನೆನಪಾಯಿತು. ಇಂಥ ತಂಪು ನಾಡಿನ ಗಿಡ ರಾತ್ರಿ ತಂಪಿದ್ದರೆ ಮಾತ್ರ ಎಲೆಯಲ್ಲಿ ತಯಾರಾದ ಅನ್ನವನ್ನು ಕೆಳಗೆ ಗಡ್ಡೆಗೆ ಇಳಿಸುತ್ತದೆ. ಸೊಲ್ಲಾಪುರದ 40 ಡಿಗ್ರಿ ಬಿಸಿಲಿನಲ್ಲಿ ಅದು ಜೀವ ಹಿಡಿದಿದ್ದೇ ದೊಡ್ಡದು.

16ನೆಯ ಶತಮಾನದಲ್ಲಿ ಸ್ಪೇನಿನವರು ಇದನ್ನು ಯುರೋಪಿಗೆ ಒಯ್ದರು, 17ನೆಯ ಶತಮಾನದಲ್ಲಿ ಪೋರ್ತುಗೀಜರು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಆಮೇಲೆ ಇಂಗ್ಲಿಷರು ಬೆಟ್ಟದ ಊರುಗಳಲ್ಲಿ ಹಬ್ಬಿಸಿದರು. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ನೀಲಗಿರಿಯಲ್ಲಿ ಬಟಾಟಿ ಹಾಕಿಸಿದನು. ಅಲ್ಲಿಯ ಬಡಗರು ಅದನ್ನು ತಮ್ಮ ಬೆಳೆಯನ್ನಾಗಿ ಮಾಡಿಕೊಂಡರು. ಬಡಗರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರದ್ದು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಇನ್ನೊಂದು ಮಾತು. ಶಿವರಾತ್ರಿ, ಏಕಾದಶಿಯ ಉಪವಾಸಕ್ಕೆ ನಾವು ತಿನ್ನುವ ಬಟಾಟಿ, ಶೇಂಗಾ, ಹಸಿಮೆಣಸಿನಕಾಯಿ, ಸಾಬೂದಾಣಿ ಮಾಡುವ ಮರಗೆಣಸು ಎಲ್ಲವೂ ಅಮೇರಿಕಾ ಖಂಡದವು. ಬಟಾಟಿಯ ಕುಲದ ಬದನೆಕಾಯಿ ಮಾತ್ರ ಎಷ್ಟೋ ಮನೆಗಳಲ್ಲಿ ಏಕಾದಶಿಗೆ ವರ್ಜ್ಯ. ಬೇಡವಾದ ಪದಾರ್ಥಗಳ ಪಟ್ಟಿ ಹಿರಿಯರು ಹಾಕಿದಾಗ ಇವು ಬಂದೇ ಇರಲಿಲ್ಲ, ಆದ್ದರಿಂದ ಪಾರಾದವು ಎಂದು ನನ್ನ ಊಹೆ. ಅವ್ವನಿಗೆ ಹೇಳಿದೆ. “ಸುಮ್ನ ಕೂಡು” ಅಂದಳು.

ನಮ್ಮ ದಖ್ಖನ್ ಭಾಗದ ಬಟಾಟಿಯ ಕಥೆಯೆಲ್ಲ ಬೀಜದ ಕಥೆ. ಬೇಸಿಗೆಯಲ್ಲಿ ಇಲ್ಲಿ ಬೀಜ ಉಳಿಯುವುದಿಲ್ಲ. ಆದ್ದರಿಂದ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಇಟಲಿಯಿಂದ ಹಡಗಿನಲ್ಲಿ ಬೀಜದ ಬಟಾಟಿ ಬರುತ್ತಿತ್ತು. 1906ರಲ್ಲಿ ಆ ಬೀಜದ ಜೊತೆ ಒಂದು ಸಣ್ಣ ಬೂದು ಪತಂಗವೂ ಬಂದಿಳಿಯಿತು. ಅದರ ಹುಳು ಗಡ್ಡೆಯೊಳಗೆ ಸುರಂಗ ಕೊರೆಯುತ್ತದೆ. ಇಟಲಿಯಿಂದ ಬೀಜ ಬರುವುದು ನಿಂತುಹೋಯಿತು, ಪತಂಗ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಪಾಟ್ನಾದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನ ಸಂಸ್ಥೆ ಆರಂಭವಾಗಿ, 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅಲ್ಲಿಯ ವಿಜ್ಞಾನಿ ಪುಷ್ಕರನಾಥರು ಒಂದು ದಾರಿ ತೋರಿಸಿದರು. ರೋಗ ಹರಡುವ ಹೇನು ಕಡಿಮೆ ಇರುವ ಚಳಿಯ ತಿಂಗಳುಗಳಲ್ಲೇ ಬೆಳೆದರೆ ಉತ್ತರದ ಬಯಲಿನಲ್ಲೂ ಒಳ್ಳೆ ಬೀಜ ಬರುತ್ತದೆ. ಹಾಸನದ ರೈತರಿಗೆ ಬೀಜ ಪಂಜಾಬಿನ ಜಲಂಧರದಿಂದ ಬರುವುದು ಈ ಕಾರಣಕ್ಕೆ. ಸಂಸ್ಥೆಯ ಕುಫ್ರಿ ಜ್ಯೋತಿ ತಳಿ 1968ರದ್ದು. ಸೆಕೆಯನ್ನು ಸ್ವಲ್ಪ ತಾಳುವ ಕುಫ್ರಿ ಸೂರ್ಯ 2006ರದ್ದು.

ಬೀಜ ಒಂದೇ ತಳಿಯದ್ದಾದರೆ ಏನಾಗುತ್ತದೆಂಬುದಕ್ಕೆ ಐರ್ಲೆಂಡ್ ಸಾಕ್ಷಿ. ಅಲ್ಲಿಯ ಬಡವರು ಲಂಪರ್ ಎಂಬ ಒಂದೇ ಬಟಾಟಿಯನ್ನು ನಂಬಿದ್ದರು. 1845ರಲ್ಲಿ ಅಂಗಮಾರಿ ರೋಗ ಬಿದ್ದು, ನಾಲ್ಕೈದು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವಿನಿಂದಲೂ ಬೇನೆಯಿಂದಲೂ ಸತ್ತರು.

ಎರಡನೆಯ ವರ್ಷ ನಾನು ದೀಪಾವಳಿಗೆ ಹಚ್ಚಿದೆ. ಗಡ್ಡೆ ಬಂದವು, ಆದರೆ ಅರ್ಧಕ್ಕರ್ಧ ತೂತು. 1906ರ ಆ ಅತಿಥಿ ನನ್ನ ಹಿತ್ತಲಿಗೂ ಬಂದಿದ್ದ! ನಮ್ಮ ಎರೆಮಣ್ಣು ಒಣಗಿ ಬಿರುಕು ಬಿಟ್ಟಲ್ಲಿ ಪತಂಗ ಗಡ್ಡೆಯ ಮೇಲೆ ಮೊಟ್ಟೆ ಇಡುತ್ತದೆ. ಮಣ್ಣು ಏರಿಸದ್ದೇ ನನ್ನ ತಪ್ಪು.

ನೀವು ಹಚ್ಚುವುದಾದರೆ ಸೀಗಿ ಹುಣ್ಣಿಮೆ ಕಳೆದ ಮೇಲೆ ಹಚ್ಚಿರಿ. ಬದನೆ, ಟೊಮೆಟೊ, ಮೆಣಸಿನಕಾಯಿ ಇದ್ದ ಜಾಗ ಬೇಡ, ಒಂದೇ ಕುಲದ ರೋಗ ಹತ್ತುತ್ತದೆ. ಎರೆಮಣ್ಣಿಗೆ ಉಸುಕು, ಕಳಿತ ತಿಪ್ಪೆಗೊಬ್ಬರ ಬೆರೆಸಿರಿ. ದೊಡ್ಡ ಗಡ್ಡೆಯಾದರೆ ತುಂಡಿಗೆ ಎರಡು ಕಣ್ಣು ಇರುವಂತೆ ಕೊಯ್ದು, ನೆರಳಿನಲ್ಲಿ ಒಂದೆರಡು ದಿನ ಕೊಯ್ದ ಭಾಗ ಒಣಗಲಿ. ಸಾಲಿನ ನಡುವೆ ಎರಡು ಅಡಿ, ಗಡ್ಡೆಯ ನಡುವೆ ಒಂದು ಗೇಣು, ಆಳ ನಾಲ್ಕು ಬೆರಳು. ಗಿಡ ಗೇಣುದ್ದ ಆದಾಗ ಒಮ್ಮೆ, ಮತ್ತೆ ಹದಿನೈದು ದಿನಕ್ಕೆ ಇನ್ನೊಮ್ಮೆ ಬುಡಕ್ಕೆ ಮಣ್ಣು ಏರಿಸಬೇಕು. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮೊದಲೇ ಇದನ್ನು ಮುಗಿಸಿರಿ. ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು ಅಗೆಯಿರಿ. ಬೆಳಕು ಬಿದ್ದು ಹಸಿರಾದ ಗಡ್ಡೆಯಲ್ಲಿ ವಿಷವಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮಕ್ಕಳಿಗಂತೂ ಕೊಡಲೇಬೇಡಿರಿ.

ಮೂರನೆಯ ವರ್ಷ ಒಂದು ಕಿಲೋ ಬೀಜಕ್ಕೆ ಆರು ಕಿಲೋ ಬಂತು. ಅಸಲು ಕಳೆದರೆ ನೂರು ದಿನಕ್ಕೆ ಐದು ಪಟ್ಟು ಬಡ್ಡಿ. ನನ್ನ ನೌಕರಿಯಲ್ಲಿ ಅಂಥ ಠೇವು ಕಂಡಿಲ್ಲ. ಶಿವರಾತ್ರಿಗೆ ಅವ್ವ ಎರಡು ಬೇಯಿಸಿಕೊಂಡು ಉಪ್ಪು ಹಚ್ಚಿ ತಿಂದು, “ಸಪ್ಪಗಿಲ್ಲ” ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಸಣ್ಣ ಗಡ್ಡೆಗಳನ್ನು ಬೀಜಕ್ಕೆಂದು ಉಸುಕಿನ ಬುಟ್ಟಿಯಲ್ಲಿ ಹೂತು ಮಂಚದ ಕೆಳಗೆ ಇಟ್ಟೆ. ಆಷಾಢಕ್ಕೆ ತೆಗೆದರೆ ಅರ್ಧ ಕೊಳೆತಿದ್ದವು, ಉಳಿದವುಗಳಲ್ಲಿ ತೂತು. ಈ ಸಲದ ಬೀಜವನ್ನು ಸೊಲ್ಲಾಪುರದ ಪೇಟೆಯಿಂದಲೇ ತಂದಿದ್ದೇನೆ.