ಯಾರ ನಾಯಿ ಇದು?

ನಮ್ಮ ಸಾದಲಿ ಕಡೆ ಕನ್ನಡ, ತೆಲುಗು ಎರಡೂ ಒಂದೇ ಉಸಿರಲ್ಲಿ ಬರುತ್ತವೆ. ಬೀದಿಯಲ್ಲಿ ನಾಯಿ ಯಾರಿಗಾದರೂ ಬಾಯಿ ಹಾಕಿತು ಅಂದ್ರೆ ಮೊದಲು ಕೇಳೋ ಪ್ರಶ್ನೆ, ‘ಎವರಿ ಕುಕ್ಕ ರಾ ಇದಿ?’ ಯಾರ ನಾಯಿ ಇದು? ಉತ್ತರ ಸಿಗೋಕೆ ಅರ್ಧ ನಿಮಿಷ ಸಾಕು. ಮೇಲಿನ ಬೀದಿಯ ಕರಿಯ, ಹುಳು ಮನೆ ಮುಂದೆ ಮಲಗುತ್ತಲ್ಲ, ಅದೇ. ಕರಿಯನ ಕೊರಳಲ್ಲಿ ಪಟ್ಟಿ ಇಲ್ಲ, ಲೈಸೆನ್ಸ್ ಕೇಳೋರೂ ಇಲ್ಲ. ಆದರೆ ಅದು ಯಾರ ಮನೆ ಮುದ್ದೆ ತಿನ್ನುತ್ತೆ ಅಂತ ಊರಿಗೆಲ್ಲ ಗೊತ್ತು. ಕಚ್ಚಿದರೆ ಆ ಮನೆಯವರು ಮುಂದೆ ಬಂದು ನಿಲ್ಲಬೇಕು.

ಬೆಂಗಳೂರಲ್ಲೂ ಪ್ರಶ್ನೆ ಅದೇ. ಉತ್ತರ ಹೇಳೋರು ಮಾತ್ರ ಸಿಗಲ್ಲ. ಪಕ್ಕದ ಫ್ಲ್ಯಾಟಿನವರ ಹೆಸರೇ ಗೊತ್ತಿಲ್ಲದ ಕಡೆ ಅವರ ನಾಯಿಯ ಹೆಸರು ಯಾರಿಗೆ ಗೊತ್ತಿರುತ್ತೆ? ಊರು ಬಾಯಲ್ಲಿ ಇಟ್ಟುಕೊಂಡ ಲೆಕ್ಕವನ್ನ ನಗರ ಕಾಗದದಲ್ಲಿ ಇಡಬೇಕು. ಸಾಕುನಾಯಿಗೆ ಲೈಸೆನ್ಸ್ ಅನ್ನೋದು ಇದಕ್ಕಾಗಿಯೇ ಹುಟ್ಟಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ಚರಿತ್ರೆ ತೆಗೆದು ನೋಡಿದರೆ ಕಥೆ ಬೇರೆಯೇ ಇದೆ.

ನಾಯಿಯ ಹೆಸರನ್ನ ಬರೆದಿಡೋದು ನಮಗೆ ಹೊಸದೇನಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲೊಂದಿದೆ. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಮೇಲೆ, ಗಂಗರ ಬೂತುಗ ತನ್ನ ಬಂಟ ಮಣಲೆರನಿಗೆ ಏನು ಬೇಕೋ ಕೇಳು ಅಂದ. ಅವನು ಕೇಳಿದ್ದು ‘ಕಾಳಿ’ ಅನ್ನೋ ಬೇಟೆನಾಯಿಯನ್ನ. ಆ ಕಾಳಿ ಮುಂದೆ ಒಂದು ಹಂದಿಯ ಜೊತೆ ಕಾದಾಡಿ, ಹಂದಿಯನ್ನ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಅಂತ ಭೂಮಿಯನ್ನೂ ಬಿಟ್ಟರು. ನಾಯಿಯ ಹೆಸರು, ಒಡೆಯನ ಹೆಸರು, ಊರು, ಸಾವಿನ ವಿವರ ಎಲ್ಲ ಒಂದೇ ಕಲ್ಲಿನಲ್ಲಿದೆ. ನಮ್ಮಂಥವರ ಭಾಷೆಯಲ್ಲಿ ಹೇಳೋದಾದರೆ ಪಕ್ಕಾ ರೆಕಾರ್ಡ್.

ಲೈಸೆನ್ಸ್ ಬಂದಿದ್ದು ಬೇರೆ ದಾರಿಯಿಂದ. ಬ್ರಿಟನ್ನಿನಲ್ಲಿ 1796ರಲ್ಲಿ ನಾಯಿಗೆ ತೆರಿಗೆ ಹಾಕಿದರು. 1867ರಲ್ಲಿ ಅದು ಲೈಸೆನ್ಸ್ ಆಯಿತು, 1878ರಲ್ಲಿ ಶುಲ್ಕ ಏಳೂವರೆ ಶಿಲ್ಲಿಂಗ್ ಆಯಿತು. ಆಮೇಲೆ ನೂರು ವರ್ಷ ಕಳೆದರೂ ಆ ಶುಲ್ಕ ಏರಲೇ ಇಲ್ಲ. ಕೊನೆಗೆ 37 ಪೆನ್ಸ್‌ಗೆ ಬಂದು ನಿಂತಿತ್ತು. ವಸೂಲಿಯ ಖರ್ಚೇ ಆದಾಯಕ್ಕಿಂತ ಜಾಸ್ತಿ, ಅರ್ಧದಷ್ಟು ಜನ ಕಟ್ಟೋದೂ ಇಲ್ಲ. 1987ರಲ್ಲಿ ಅದನ್ನ ರದ್ದು ಮಾಡಿದರು. ನಾಯಿ ಸಾಕಿದವರಿಗೆ ಆ ಚೀಟಿಯಿಂದ ಸಿಗೋದು ಏನೂ ಇಲ್ಲ ಅಂದಮೇಲೆ ಯಾಕೆ ಕಟ್ಟಬೇಕು?

ನಮ್ಮ ದೇಶದಲ್ಲಿ ಈ ವಿಷಯಕ್ಕೆ ರಕ್ತದ ಕಲೆಯೂ ಅಂಟಿಕೊಂಡಿತು. ಕಂಪನಿ ಸರ್ಕಾರದ ಕಾಲದಲ್ಲಿ ಬಾಂಬೆ ಪೊಲೀಸರು ಬೀದಿನಾಯಿಗಳನ್ನ ಕೊಲ್ಲೋಕೆ ಹೊರಟಾಗ, 1832ರ ಜೂನ್ 6ರಂದು ಪಾರ್ಸಿಗಳು ಸಿಡಿದೆದ್ದರು. ಅವರ ಧರ್ಮದಲ್ಲಿ ನಾಯಿಗೆ ಪವಿತ್ರ ಸ್ಥಾನ. ಮಾರನೇ ದಿನ ಅಂಗಡಿಗಳು ಮುಚ್ಚಿದವು, ಸೈನ್ಯ ಕರೆಸಬೇಕಾಯಿತು. ಆದರೂ ಕೊಲ್ಲೋ ಪದ್ಧತಿ ನಿಲ್ಲಲಿಲ್ಲ. ಬಾಂಬೆಯ 1888ರ ಪಾಲಿಕೆ ಕಾಯ್ದೆಯೊಳಗೆ ನಾಯಿ ತೆರಿಗೆ ಮತ್ತು ವಾರಸುದಾರರಿಲ್ಲದ ನಾಯಿಯನ್ನ ಕೊಲ್ಲೋ ಅಧಿಕಾರ ಎರಡೂ ಜೊತೆಜೊತೆಗೆ ಸೇರಿಕೊಂಡವು. ಕೊರಳಲ್ಲಿ ಬಿಲ್ಲೆ ಇದ್ದರೆ ಜೀವ ಉಳಿಯಿತು, ಇಲ್ಲದಿದ್ದರೆ ಹೋಯಿತು, ಅಷ್ಟೇ. ಬೀದಿನಾಯಿಗೆ ಕೊಲೆಯ ಬದಲು ಸಂತಾನಹರಣ ಮತ್ತು ಲಸಿಕೆ ಅಂತ ಇಡೀ ದೇಶಕ್ಕೆ ನಿಯಮ ಬಂದಿದ್ದು 2001ರಲ್ಲಿ. ಆಮೇಲೂ, 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ನಾಯಿ ದಾಳಿಗೆ ಬಲಿಯಾದಾಗ, ಸಿಟ್ಟು ಮತ್ತೆ ಹಳೇ ದಾರಿಗೇ ತಿರುಗಿತು. ಸಾಮೂಹಿಕವಾಗಿ ನಾಯಿಗಳನ್ನ ಹಿಡಿದು ಕೊಂದರು.

ಹನ್ನೊಂದು ವರ್ಷದ ಮೇಲೆ, 2018ರಲ್ಲಿ, ಬಿಬಿಎಂಪಿ ಸಾಕುನಾಯಿ ಲೈಸೆನ್ಸ್ ಬೈಲಾ ತಂದಿತು. ಶುಲ್ಕ 110 ರೂಪಾಯಿ, ಜೊತೆಗೆ ಮೈಕ್ರೋಚಿಪ್. ಇಷ್ಟೇ ಆಗಿದ್ದರೆ ಜನ ಒಪ್ಪುತ್ತಿದ್ದರೇನೋ. ಆದರೆ ಫ್ಲ್ಯಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಮೂರು, ಫ್ಲ್ಯಾಟಿನಲ್ಲಿ ಇಂತಿಂಥ ತಳಿ ಮಾತ್ರ ಅಂತ ಮಿತಿ ಹಾಕಿದರು. ಸಾಕುನಾಯಿಗೆ ಹೀಗೆ ನಿರ್ಬಂಧ ಹೇರಬಾರದು ಅಂತ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ವಸತಿ ಸಂಘಗಳಿಗೆ ಹೇಳಿತ್ತು. ಎರಡು ನಾಯಿ ಸಾಕಿದವರ ಎದುರು ಇದ್ದ ಆಯ್ಕೆ ಎರಡೇ, ಒಂದನ್ನ ಬಿಟ್ಟುಬಿಡಿ ಅಥವಾ ಸುಳ್ಳು ಹೇಳಿ. ವಿರೋಧ ಜೋರಾಯಿತು, ಬೈಲಾ ಮೂಲೆ ಸೇರಿತು.

ಇದರಿಂದ ಆದ ನಷ್ಟ ನೋಡಿ. ಬೀದಿನಾಯಿಗಳ ಲೆಕ್ಕ ಪಾಲಿಕೆ ಹತ್ರ ಇದೆ. 2019ರ ಸಮೀಕ್ಷೆಯಲ್ಲಿ ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಮನೆಯೊಳಗಿನ ನಾಯಿಗಳಿಗೆ ಇಂಥ ಲೆಕ್ಕ ಇಲ್ಲ. ವಾರಸುದಾರರಿಲ್ಲದ ನಾಯಿ ಎಣಿಕೆಗೆ ಸಿಕ್ಕಿತು, ವಾರಸುದಾರರಿರೋದು ಸಿಗಲಿಲ್ಲ!

ಇದು ಬರೀ ಕಾಗದದ ವಿಷಯ ಅಂದುಕೊಳ್ಳಬೇಡಿ. ಜಗತ್ತಿನಲ್ಲಿ ರೇಬೀಸ್‌ನಿಂದ ಸಾಯೋರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ಭಾರತದವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕೋದು ಇಲ್ಲವೇ ಇಲ್ಲ ಅನ್ನಬೇಕು. ನಾಯಿ ಕಚ್ಚಿದ ತಕ್ಷಣ ಸೋಪು ಹಾಕಿ 15 ನಿಮಿಷ ತೊಳೀಬೇಕು, ಲಸಿಕೆ ಶುರು ಮಾಡಬೇಕು, ಯಾವ ನಾಯಿಯಾದರೂ ಸರಿ. ಜೊತೆಗೆ ಡಾಕ್ಟರು ಇನ್ನೊಂದು ಕೇಳ್ತಾರೆ: ಆ ನಾಯಿಯ ಮೇಲೆ 10 ದಿನ ಕಣ್ಣಿಡೋಕೆ ಆಗುತ್ತಾ? 10 ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ನಾನಿರೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಒಂದು ಮಗುವಿಗೆ ಯಾರದೋ ಸಾಕುನಾಯಿ ಕಚ್ಚಿತು. ಕೊರಳಲ್ಲಿ ಬೆಲ್ಟ್ ಇತ್ತಂತೆ. ವಾಟ್ಸ್ಯಾಪ್ ಗ್ರೂಪಿನಲ್ಲಿ ನೂರಾರು ಮೆಸೇಜ್ ಬಂತು, ‘ನಮ್ಮದು’ ಅನ್ನೋ ಒಂದು ಮೆಸೇಜ್ ಬರಲಿಲ್ಲ. ಮಗುವಿನ ತಾಯಿ ಆ 10 ದಿನ ಹೇಗೆ ನಿದ್ದೆ ಮಾಡಿರಬೇಕು ಹೇಳಿ.

ಹಾಗಾದರೆ ನಮ್ಮ ಜನಕ್ಕೆ ಲೈಸೆನ್ಸ್ ಅಂದರೇ ಆಗಲ್ವಾ? ನಮ್ಮ ಶಿಡ್ಲಘಟ್ಟಕ್ಕೆ ಬನ್ನಿ. ಇಲ್ಲಿ ಒಂದು ಹುಳುವಿನ ಸುತ್ತ ದೊಡ್ಡ ಸರ್ಕಾರಿ ಲೆಕ್ಕವೇ ಇದೆ. ರೇಷ್ಮೆಗೆ 1959ರ ಕಾಯ್ದೆ ಇದೆ. ಮೊಟ್ಟೆ ತಯಾರಿಸೋಕೆ ಲೈಸೆನ್ಸ್ ಬೇಕು, ನೂಲು ಬಿಚ್ಚೋ ರೀಲರ್‌ಗೂ ಬೇಕು. ಗೊಣಗಾಟ ಇದ್ದೇ ಇದೆ, ಆದರೂ ಜನ ಪಾಲಿಸ್ತಾರೆ. ಯಾಕೆ ಅಂದ್ರೆ ಪ್ರತಿಯಾಗಿ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಸಿಗುತ್ತೆ, ತೂಕ ಸಿಗುತ್ತೆ, ರೋಗವಿಲ್ಲದ ಮೊಟ್ಟೆ ಸಿಗುತ್ತೆ. ಆ ರೋಗವಿಲ್ಲದ ಮೊಟ್ಟೆಯ ವಿಧಾನ ಕೊಟ್ಟವನು ಲೂಯಿ ಪಾಶ್ಚರ್. 1865ರಿಂದ ಅವನು ಫ್ರಾನ್ಸಿನಲ್ಲಿ ಹುಳುಗಳ ಗಂಟುರೋಗದ ಬೆನ್ನು ಹತ್ತಿ, ತಾಯಿಚಿಟ್ಟೆಯನ್ನ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಮೊಟ್ಟೆ ಆರಿಸಬೇಕು ಅಂದ. 1885ರಲ್ಲಿ ರೇಬೀಸ್ ಲಸಿಕೆಯನ್ನ ಮೊದಲ ಸಲ ಮನುಷ್ಯನಿಗೆ ಕೊಟ್ಟವನೂ ಅವನೇ. ಚಿಟ್ಟೆ ಯಾವುದು, ಮೊಟ್ಟೆ ಯಾವುದು ಅಂತ ಬರೆದಿಟ್ಟು ಹುಳುವನ್ನ ಉಳಿಸಿಕೊಂಡ ನಮಗೆ ನಾಯಿಯ ಲೆಕ್ಕ ಯಾಕೆ ಭಾರ?

ಕೆನಡಾದ ಕ್ಯಾಲ್ಗರಿ ನಗರ ಇದನ್ನ ಮಾಡಿ ತೋರಿಸಿದೆ. ಲೈಸೆನ್ಸ್ ದುಡ್ಡು ಪ್ರಾಣಿಗಳ ಸೇವೆಗೇ ಹೋಗುತ್ತೆ. ತಪ್ಪಿಸಿಕೊಂಡ ನಾಯಿಗೆ ಬಿಲ್ಲೆ ಇದ್ದರೆ ಸಿಬ್ಬಂದಿ ಅದನ್ನ ಮೊದಲು ಮನೆಗೇ ತಲುಪಿಸೋಕೆ ನೋಡ್ತಾರೆ. ಕಟ್ಟಿದವರಿಗೆ ಕಟ್ಟಿದ್ದರ ಅರ್ಥ ಕಾಣುತ್ತೆ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ನಾಯಿಯ ಫಾರಂ ಮತ್ತೆ ಮೇಜಿಗೆ ಬಂದರೆ ಅದರ ಮೊದಲ ಸಾಲು ‘ನಿಮ್ಮಲ್ಲಿ ಎಷ್ಟು ನಾಯಿ ಇರಬಹುದು’ ಅಂತ ಇರದೆ, ‘ಈ ವರ್ಷದ ಲಸಿಕೆ ಪಾಲಿಕೆ ಕಡೆಯಿಂದ, ಕಳೆದುಹೋದರೆ ಈ ನಂಬರಿಗೆ ಫೋನ್ ಮಾಡಿ’ ಅಂತ ಇರಲಿ. ಡೇಟಾಬೇಸ್ ಕಟ್ಟೋದು ನಮ್ಮ ಊರಲ್ಲಿ ಕಷ್ಟವೇ ಅಲ್ಲ, ನನ್ನಂಥವರು ಲಕ್ಷಾಂತರ ಜನ ಅದನ್ನೇ ಮಾಡಿ ಸಂಬಳ ತಗೊಳ್ತೀವಿ. ನೀವು ನಾಯಿ ಸಾಕಿದ್ದರೆ ಫಾರಂ ಬರೋವರೆಗೂ ಕಾಯಬೇಡಿ. ಲಸಿಕೆ ಕಾರ್ಡಿನ ಒಂದು ಫೋಟೊ ಮತ್ತು ನಿಮ್ಮ ಫ್ಲ್ಯಾಟ್ ನಂಬರನ್ನ ಇವತ್ತೇ ಅಸೋಸಿಯೇಷನ್‌ಗೆ ಕಳಿಸಿಬಿಡಿ.